ಅಗ್ಗದ ಮಿಷನ್ನಿನ ದೋಷಕ್ಕೆ ಹೊಣೆ ಯಾರು? ಏಳು ವಾದಗಳಿಗೆ ಪ್ರತ್ಯುತ್ತರ

ಹಾಸನದ ಫ್ಯಾಬ್ರಿಕೇಷನ್ ಶೆಡ್ಡಿರಲಿ, ಹೊಳೆನರಸೀಪುರದ ಟ್ರೈಲರ್ ರಿಪೇರಿ ಅಂಗಡಿಯಿರಲಿ, ಚನ್ನರಾಯಪಟ್ಟಣದ ಗೇಟು-ಗ್ರಿಲ್ಲಿನ ವರ್ಕ್‌ಶಾಪ್ ಇರಲಿ, ಅರಕಲಗೂಡು, ರಾಮನಾಥಪುರದ ಸುತ್ತ ತಂಬಾಕು ಬ್ಯಾರನ್ನುಗಳಿಗೆ ತಗಡಿನ ಕೊಳವೆ ಕೂಡಿಸುವವರಿರಲಿ, ನಾಲ್ಕಿಂಚಿನ ಗ್ರೈಂಡರ್ ಇಲ್ಲದೆ ಇವತ್ತು ಯಾರ ಕೆಲಸವೂ ಸಾಗದು. ಅದರ ಪಕ್ಕದಲ್ಲಿ ಒಂದು ಡ್ರಿಲ್, ಒಂದು ಕಟ್ಟರ್. ಮರಗೆಲಸದವರಾದರೆ ಒಂದು ಪ್ಲೇನರ್. ಸಣ್ಣ ಬಂಡವಾಳದವರು ಇವುಗಳಲ್ಲಿ ಅಗ್ಗದ್ದನ್ನೇ ಕೊಳ್ಳುತ್ತಾರೆ. ಕೊಂಡ ಮಿಷನ್ ಬೇಗ ಕೆಟ್ಟಾಗ, ಇಲ್ಲವೇ ಮೊದಲ ದಿನವೇ ದೋಷ ತೋರಿಸಿದಾಗ, ಅದನ್ನು ವಾಪಸ್ ತಂದು ಅಂಗಡಿಯ ಟೇಬಲ್ಲಿನ ಮೇಲಿಟ್ಟರೆ ಕೆಲವು ಸಿದ್ಧ ಉತ್ತರಗಳು ಬರುತ್ತವೆ. ಊರು ಬದಲಾದರೂ ಉತ್ತರ ಬದಲಾಗುವುದಿಲ್ಲ. ಅವನ್ನು ಒಂದೊಂದಾಗಿ ತೆಗೆದುಕೊಂಡು ಪರಿಶೀಲಿಸುತ್ತೇನೆ. ತೀರ್ಪು ಓದುಗರದು.

ನನ್ನ ನಿಲುವು ಇಷ್ಟು: ಅಗ್ಗದ ಮಿಷನ್ ಕೊಳ್ಳುವುದು ತಪ್ಪಲ್ಲ, ಅದರ ದೋಷವನ್ನು ಕೊಂಡವನ ತಲೆಗೆ ಕಟ್ಟುವುದು ತಪ್ಪು. ಕಟ್ಟಲು ಅನುಕೂಲವಾಗುವುದು ಮೂರು ಬೇರೆ ಸಂಗತಿಗಳನ್ನು ಒಂದೇ ಮೂಟೆಗೆ ತುಂಬುವುದರಿಂದ. ಶಕ್ತಿ ಕಡಿಮೆ, ಆಯಸ್ಸು ಕಡಿಮೆ, ಸದ್ದು ಜಾಸ್ತಿ: ಇದು ಕೊರತೆ. ಗಾರ್ಡ್ ನಿಲ್ಲುವುದಿಲ್ಲ, ಮೈಗೆ ಶಾಕ್ ಹೊಡೆಯುತ್ತದೆ, ಡಿಸ್ಕ್ ಓಲಾಡುತ್ತದೆ: ಇದು ದೋಷ. ಸ್ಟಿಕ್ಕರಿನ ಮೇಲಿನ ವ್ಯಾಟ್ ಒಳಗಿನ ವೈಂಡಿಂಗಿನಲ್ಲಿ ಇಲ್ಲ: ಇದು ಸುಳ್ಳು. ಕೊರತೆಗೆ ಬೆಲೆಯಲ್ಲಿ ರಿಯಾಯಿತಿ ಇದೆ. ದೋಷಕ್ಕೂ ಸುಳ್ಳಿಗೂ ಇಲ್ಲ.

ಮೊದಲನೆಯ ವಾದ: “ಕಾಸಿಗೆ ತಕ್ಕ ಕಜ್ಜಾಯ ಕಣಣ್ಣ. ಕೊಟ್ಟಿದ್ದೆಷ್ಟು, ಕೇಳ್ತಿರೋದೇನು?”

ಗಾದೆಯನ್ನು ಪೂರ್ತಿ ಒಪ್ಪಿಕೊಳ್ಳೋಣ. ಕಾಸು ಕಡಿಮೆ ಕೊಟ್ಟವನಿಗೆ ಕಜ್ಜಾಯ ಚಿಕ್ಕದು ಸಿಗಬಹುದು, ವಿಷದ ಕಜ್ಜಾಯ ಸಿಗಬೇಕೆಂದು ಗಾದೆ ಹೇಳುವುದಿಲ್ಲ. ಕಾನೂನೂ ಹೇಳುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(10)ನೇ ಕಲಮು ದೋಷವೆಂದರೆ ಏನೆಂದು ವಿವರಿಸುತ್ತದೆ. ಕಾನೂನಿನ ಪ್ರಕಾರ ಇರಬೇಕಾದ, ಒಪ್ಪಂದದ ಪ್ರಕಾರ ಇರಬೇಕಾದ, ಇಲ್ಲವೇ ಮಾರುವವನು ತಾನೇ ಇದೆ ಎಂದು ಹೇಳಿಕೊಂಡ ಗುಣಮಟ್ಟದಲ್ಲಿ ಬರುವ ಯಾವುದೇ ಕುಂದು ಅದರೊಳಗೆ ಬರುತ್ತದೆ. ಅಗ್ಗದ ವಸ್ತುವಿಗೆ ಇದು ಅನ್ವಯಿಸದು ಎಂಬ ಮಾತು ಆ ಕಲಮಿನಲ್ಲಿ ಎಲ್ಲೂ ಇಲ್ಲ.

‘ಮಾರುವವನು ಹೇಳಿಕೊಂಡ’ ಎಂಬ ಅಂಶದಲ್ಲೇ ಈ ವಾದ ಕುಸಿಯುತ್ತದೆ. ಡಬ್ಬದ ಮೇಲೆ ‘ಹೆವಿ ಡ್ಯೂಟಿ’, ‘ಪ್ರೊಫೆಷನಲ್’, ‘850 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಕೆಟ್ಟು ವಾಪಸ್ ಬಂದ ದಿನ ಅದೇ ಮಿಷನ್ ‘ಮನೇಲಿ ಸಣ್ಣಪುಟ್ಟ ಕೆಲಸಕ್ಕೆ’ ಮಾಡಿದ್ದಾಗಿಬಿಡುತ್ತದೆ. ಮಾರುವಾಗ ಹೆವಿ ಡ್ಯೂಟಿ, ಮಾರಿದ ಮೇಲೆ ಆಟಿಕೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. 850 ವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 3.7 ಆಂಪಿಯರ್. ಅಷ್ಟು ಎಳೆಯುವ ಭಾರದಲ್ಲಿ ಮಿಷನ್ ಬೇಯದೆ ಕೆಲಸ ಮಾಡಬೇಕು. ಖಾಲಿ ಓಡುವಾಗ ಅದು ಎಳೆಯುವುದು ಇದಕ್ಕಿಂತ ಬಹಳ ಕಡಿಮೆ, ಆದ್ದರಿಂದ ಖಾಲಿ ಓಡಿಸಿ ಅಳೆದರೆ ಏನೂ ತಿಳಿಯದು. ಕೆಲಸಕ್ಕೆ ಹಚ್ಚಿ ಕ್ಲ್ಯಾಂಪ್ ಮೀಟರ್ ಹಿಡಿಯಬೇಕು. ಎರಡೂವರೆ ಆಂಪಿಯರಿಗೇ ಸುಟ್ಟ ವಾಸನೆ ಬಂದರೆ ಸುಳ್ಳಾಡಿದ್ದು ಸ್ಟಿಕ್ಕರು. ಕಡಿಮೆ ಬೆಲೆ ಕೊಟ್ಟವನು ಸುಳ್ಳನ್ನೂ ಸೇರಿಸಿಯೇ ಕೊಂಡ ಎನ್ನಲು ಯಾವ ಆಧಾರವೂ ಇಲ್ಲ.

ಎರಡನೆಯ ವಾದ: “ನಿಮ್ಮೂರಲ್ಲಿ ಕರೆಂಟೇ ಸರಿಯಿಲ್ಲ. ಮಿಷನ್ ಏನ್ ಮಾಡುತ್ತೆ?”

ಇದರಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಕೊಟ್ಟುಬಿಡುತ್ತೇನೆ. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಇಳಿಯುವುದು ನಿಜ. ಗ್ರೈಂಡರ್, ಡ್ರಿಲ್‌ಗಳಲ್ಲಿರುವುದು ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು. ಅದನ್ನು ತಂಪು ಮಾಡುವ ಫ್ಯಾನ್ ಆರ್ಮೇಚರಿನ ಶಾಫ್ಟಿನ ಮೇಲೆಯೇ ಕೂತಿರುತ್ತದೆ. ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಗಾಳಿ ಕಡಿಮೆಯಾಗುತ್ತದೆ. ಕೆಲಸಗಾರ ಅಷ್ಟೇ ಒತ್ತಿ ಹಿಡಿದರೆ ವೈಂಡಿಂಗ್ ಕಾಯುತ್ತದೆ. ಹೀಗೆ ಸುಟ್ಟ ಆರ್ಮೇಚರುಗಳಿವೆ.

ಆದರೆ ಈ ವಾದವನ್ನು ಹೂಡುವವರು ಸುಟ್ಟ ಆರ್ಮೇಚರಿಗೆ ಮಾತ್ರ ಹೂಡುವುದಿಲ್ಲ, ಎಲ್ಲ ದೋಷಕ್ಕೂ ಹೂಡುತ್ತಾರೆ. ಹಾಗಾದರೆ ಕೇಳೋಣ. ಗೇರ್ ಬಾಕ್ಸಿನಲ್ಲಿ ಗ್ರೀಸ್ ಇಲ್ಲದಿರುವುದು ಯಾವ ವೋಲ್ಟೇಜಿನಿಂದ? ಫ್ಲ್ಯಾಂಜ್ ಸೊಟ್ಟಗಿದ್ದು ಡಿಸ್ಕ್ ಅಡ್ಡಾಡುವುದು ಯಾವ ಫೇಸಿನ ತಪ್ಪು? ಕೇಬಲ್ ಎಳೆದರೆ ಕಿತ್ತು ಬರುವುದು, ಗಾರ್ಡಿನ ಕ್ಲ್ಯಾಂಪ್ ಎಷ್ಟು ಬಿಗಿದರೂ ಜಾರುವುದು, ಇವೆಲ್ಲ ಪ್ಲಗ್ ಹಾಕುವ ಮೊದಲೇ ಡಬ್ಬದೊಳಗೆ ಇದ್ದವು. ಒಂದೇ ಶೆಡ್ಡು, ಒಂದೇ ಬೋರ್ಡು. ಅಲ್ಲಿ ಹಳೆಯ ಡ್ರಿಲ್ ವರ್ಷಗಟ್ಟಲೆ ಓಡುತ್ತಿದ್ದು, ಹೊಸ ಗ್ರೈಂಡರ್ ವಾರಕ್ಕೇ ಸುಟ್ಟರೆ ವ್ಯತ್ಯಾಸ ಇರುವುದು ಮಿಷನ್ನಿನಲ್ಲಿ. ಎರಡಕ್ಕೂ ಬರುವ ಲೈನು ಒಂದೇ.

ಕರೆಂಟಿನ ಮಾತು ಎತ್ತಿದವರು ಇನ್ನೊಂದಕ್ಕೂ ಉತ್ತರ ಕೊಡಬೇಕು. ಅಗ್ಗದ ಗ್ರೈಂಡರುಗಳಲ್ಲಿ ಸಾಮಾನ್ಯವಾಗಿ ಇರುವುದು ಮುಂದಕ್ಕೆ ತಳ್ಳಿದರೆ ಅಲ್ಲೇ ನಿಲ್ಲುವ ಸ್ವಿಚ್ಚು. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ಕೆಲಸಗಾರ ಮಿಷನ್ ಕೆಳಗಿಟ್ಟು ಎದ್ದು ಹೋಗುತ್ತಾನೆ. ಕರೆಂಟ್ ಬಂದ ಕ್ಷಣ ಯಾರೂ ಮುಟ್ಟದ ಗ್ರೈಂಡರ್ ತಾನಾಗಿ ತಿರುಗಿ ನೆಲದ ಮೇಲೆ ಹಾರುತ್ತದೆ. ಒಳ್ಳೆಯ ಮಿಷನ್ನುಗಳಲ್ಲಿ ಇದನ್ನು ತಡೆಯುವ ಏರ್ಪಾಡು ಇದೆ. ನಮ್ಮ ಕಡೆ ಕರೆಂಟ್ ಹೋಗಿ ಬರುತ್ತದೆ ಎಂಬುದು ಮಾರುವವರಿಗೆ ಗೊತ್ತು, ಅದನ್ನೇ ನೆಪವಾಗಿ ಹೇಳುವಷ್ಟು ಚೆನ್ನಾಗಿ ಗೊತ್ತು. ಗೊತ್ತಿದ್ದೂ ‘ಸ್ವಿಚ್ ಆಫ್ ಮಾಡಿಯೇ ಕೆಳಗಿಡಿ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದು ಅಂಟಿಸದವರು ವಿದ್ಯುತ್ ಕಂಪನಿ ಸೆಸ್ಕ್ ಕಡೆ ಬೆರಳು ತೋರಿಸಲು ಅರ್ಹರಲ್ಲ.

ಮೂರನೆಯ ವಾದ: “ಗಾರ್ಡ್ ಬಿಚ್ಚಿದ್ದು ನೀವೇ ಅಲ್ವಾ? ಬಳಸೋಕೆ ಬರದಿದ್ರೆ ನಾವೇನ್ ಮಾಡೋಣ?”

ಗಾರ್ಡ್ ಬಿಚ್ಚಿ ಕೆಲಸ ಮಾಡುವುದು ಅಪಾಯ; ಇದರಲ್ಲಿ ಎರಡು ಮಾತಿಲ್ಲ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆಗ ಡಿಸ್ಕಿನ ಅಂಚು ಸೆಕೆಂಡಿಗೆ 57 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತಿರುತ್ತದೆ. ಒಡೆದ ಚೂರು ಅದೇ ವೇಗದಲ್ಲಿ ಹೊರಡುತ್ತದೆ. ಗಾರ್ಡ್ ಇಲ್ಲದ ಗ್ರೈಂಡರನ್ನು ಹುಡುಗರ ಕೈಗೆ ಕೊಡುವ ವರ್ಕ್‌ಶಾಪ್ ಮಾಲೀಕನನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಗಾರ್ಡ್ ಯಾಕೆ ಬಿಚ್ಚಿದ ಎಂಬ ಪ್ರಶ್ನೆಯನ್ನು ಈ ವಾದ ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಕೆಲಸದ ಕೋನಕ್ಕೆ ಸರಿಯಾಗಿ ತಿರುಗಿಸಲು ಬರದ ಗಾರ್ಡ್, ತಿರುಗಿಸಿದರೆ ನಿಲ್ಲದ ಗಾರ್ಡ್, ಅದುರಿ ಡಿಸ್ಕಿಗೇ ತಾಗುವ ಗಾರ್ಡ್, ಇವನ್ನು ಬಿಚ್ಚುವುದು ಸೋಮಾರಿತನದಿಂದಲ್ಲ. ಡಿಸ್ಕಿಗೆ ತಾಗುವ ಗಾರ್ಡ್ ತಾನೇ ಒಂದು ಅಪಾಯ. ಇನ್ನು ಮರ ಕೊಯ್ಯುವ ಹಲ್ಲಿನ ಬ್ಲೇಡು. ಸಣ್ಣ ಗ್ರೈಂಡರಿಗೆ ಅದನ್ನು ಹಾಕಬಾರದು, ಹಲ್ಲು ಮರದಲ್ಲಿ ಕಚ್ಚಿದರೆ ಮಿಷನ್ ಹಿಂದಕ್ಕೆ ಒದೆಯುತ್ತದೆ ಎಂಬುದು ಕಸುಬು ಬಲ್ಲ ಎಲ್ಲರಿಗೂ ಗೊತ್ತು. ಆ ಬ್ಲೇಡು ಸಿಗುವುದೆಲ್ಲಿ? ಇದೇ ಅಂಗಡಿಯಲ್ಲಿ, ಗ್ರೈಂಡರಿನ ಪಕ್ಕದ ಮೊಳೆಗೆ ನೇತುಹಾಕಿ, ‘ನಾಲ್ಕಿಂಚಿಗೆ ಕರೆಕ್ಟಾಗಿ ಕೂರುತ್ತೆ’ ಎಂದು ಹೇಳಿ ಮಾರುತ್ತಾರೆ. ಬೆಳಿಗ್ಗೆ ಬ್ಲೇಡ್ ಮಾರಿದವರು ಸಂಜೆ ‘ಬಳಸೋಕೆ ಬರಲ್ಲ’ ಎಂದು ಬೈಯುವುದನ್ನು ಉತ್ತರ ಎಂದು ಒಪ್ಪಲಾಗದು.

ನಾಲ್ಕನೆಯ ವಾದ: “ಬಿಚ್ಚಿದ್ದೀರಾ? ಹಾಗಾದ್ರೆ ವಾರಂಟಿ ಹೋಯ್ತು. ಬಿಚ್ಚದಿದ್ರೂ ಅಂಗಡಿ ಕೆಲಸಕ್ಕೆ ವಾರಂಟಿ ಇಲ್ಲ.”

ಇಂಥ ವಾರಂಟಿ ಚೀಟಿಯೊಂದನ್ನು ಬಿಡಿಸಿ ಓದೋಣ. ಕಾರ್ಬನ್, ಸ್ವಿಚ್ಚು, ಕೇಬಲ್, ಬೇರಿಂಗ್ ಸವೆಯುವ ಭಾಗಗಳಂತೆ, ಅವಕ್ಕೆ ಇಲ್ಲ. ಆರ್ಮೇಚರ್, ಫೀಲ್ಡ್ ಕಾಯಿಲ್ ಸುಟ್ಟರೆ ಅದು ಓವರ್‌ಲೋಡ್, ಅದಕ್ಕೂ ಇಲ್ಲ. ವಾಣಿಜ್ಯ ಬಳಕೆಗೆ ಇಲ್ಲ. ಬಿಚ್ಚಿದರೆ ಇಲ್ಲ. ಇಷ್ಟನ್ನು ಕಳೆದ ಮೇಲೆ ಉಳಿಯುವುದು ಪ್ಲಾಸ್ಟಿಕ್ ಮೈ ಮತ್ತು ಚೀಟಿಯ ಕಾಗದ. ಕೆಡಬಹುದಾದ್ದಕ್ಕೆಲ್ಲ ಅನ್ವಯಿಸದ ವಾರಂಟಿಯನ್ನು ವಾರಂಟಿ ಎಂದು ಕರೆದು ಮಾರಿದ್ದೇ ಮೊದಲ ಆಕ್ಷೇಪ.

ಇನ್ನು ಬಿಚ್ಚುವ ವಿಷಯ. ಕಾರ್ಬನ್ ಬ್ರಷ್ ಸವೆಯಲೆಂದೇ ಮಾಡಿದ ಭಾಗ. ಹಲವು ಅಗ್ಗದ ಗ್ರೈಂಡರುಗಳಲ್ಲಿ ಅದನ್ನು ನೋಡಲು ಹಿಂದಿನ ಕವರ್ ತೆಗೆಯದೆ ದಾರಿಯಿಲ್ಲ. ತೆಗೆದರೆ ವಾರಂಟಿ ಹೋಯಿತು. ತೆಗೆಯದೆ ಓಡಿಸಿದರೆ ಸವೆದ ಕಾರ್ಬನ್ ಕಮ್ಯುಟೇಟರನ್ನೇ ಕೊರೆದುಹಾಕುತ್ತದೆ, ಆಗ ‘ನಿರ್ವಹಣೆ ಸರಿಯಿಲ್ಲ’. ಕೊಂಡವನು ಯಾವ ದಾರಿ ಹಿಡಿದರೂ ಸೋಲುವಂತೆ ಕಟ್ಟಿದ ಷರತ್ತು ಇದು. ಚೀಟಿ ಏನೇ ಹೇಳಲಿ, ಕಾಯಿದೆ ಕೊಟ್ಟ ಹಕ್ಕನ್ನು ಕಸಿಯುವ ಶಕ್ತಿ ಅದಕ್ಕಿಲ್ಲ. ವಾರಂಟಿ ಕಾನೂನಿನ ಜೊತೆಗೆ ಸಿಗುವ ಹೆಚ್ಚುವರಿ ಭರವಸೆ. ಅದು ಕಾನೂನಿನ ಜಾಗದಲ್ಲಿ ಕೂರಲಾರದು.

ಐದನೆಯ ವಾದ: “ಗ್ರಾಹಕರ ಕೋರ್ಟು ಮನೆಗೆ ಫ್ರಿಜ್ಜು, ಟೀವಿ ತಗೊಂಡವರಿಗೆ. ನೀವು ಮಾಡೋದು ವ್ಯಾಪಾರ.”

ಈ ವಾದ ಹೆಚ್ಚು ಜನರನ್ನು ಸುಮ್ಮನಾಗಿಸಿದೆ, ಆದ್ದರಿಂದ ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಎಂದು ಕಾಯಿದೆ ಹೇಳುವುದು ನಿಜ. ಅದೇ 2(7)ನೇ ಕಲಮಿನ ಕೆಳಗಿನ ವಿವರಣೆಯನ್ನು ಇವರು ಓದಿ ಹೇಳುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ಮಾಡಿಕೊಳ್ಳಲೆಂದೇ ಕೊಂಡು, ತಾನೇ ಬಳಸುವ ವಸ್ತು ‘ವಾಣಿಜ್ಯ ಉದ್ದೇಶ’ದೊಳಗೆ ಬರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. 1995ರ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಳೆಯ ಕಾಯಿದೆಯಲ್ಲಿದ್ದ ಇಂಥದೇ ವಿವರಣೆಯನ್ನು ಬಿಡಿಸುತ್ತ, ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಅಂಥವನು ಗ್ರಾಹಕನಲ್ಲದೆ ಹೋಗುವುದಿಲ್ಲ ಎಂದಿತು. ಆ ಪ್ರಕರಣದಲ್ಲಿ ಮಿಷನ್ ಕೊಂಡ ಸಂಸ್ಥೆಯೇ ಸೋತಿತು, ಯಾಕೆಂದರೆ ಅದರ ವ್ಯವಹಾರ ದೊಡ್ಡದಿತ್ತು. ಹತ್ತಾರು ಜನ ದುಡಿಯುವ ಫ್ಯಾಕ್ಟರಿಗೆ ಈ ಬಾಗಿಲು ಮುಚ್ಚಿರಬಹುದು. ಅರಕಲಗೂಡಿನಲ್ಲಿ ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ಬಾಗಿಲು, ಕಿಟಕಿ ಮಾಡುವ ಆಚಾರಿಗೆ ತೆರೆದೇ ಇದೆ.

ಬಾಗಿಲು ದೂರವೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗ ಹಾಸನದಲ್ಲೇ ಇದೆ. ಮಿಷನ್ನನ್ನು ಆನ್‌ಲೈನಿನಲ್ಲಿ ಎಲ್ಲಿಂದ ತರಿಸಿದ್ದರೂ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಬಹುದು. ಮಿಷನ್ನಿನ ದೋಷದಿಂದ ಕೈಗೋ ಕಣ್ಣಿಗೋ ಪೆಟ್ಟಾದರೆ ಉತ್ಪನ್ನ ಹೊಣೆಗಾರಿಕೆಯ ಬೇರೆ ಅಧ್ಯಾಯವೇ ಇದೆ. ತಯಾರಕ ಯಾರೆಂದೇ ಗೊತ್ತಿಲ್ಲದ ಮಾಲು ಮಾರಿದರೆ ಮಾರಿದವನೇ ಹೊಣೆ ಎಂದು ಅದರ 86ನೇ ಕಲಮು ಹೇಳುತ್ತದೆ. ಹೆಸರಿಲ್ಲದ ಡಬ್ಬ ತಂದು ‘ಕಂಪನಿಯವರನ್ನೇ ಕೇಳಿ’ ಎನ್ನುವವರು ಆ ಕಲಮನ್ನು ಒಮ್ಮೆ ಓದಿಕೊಳ್ಳಲಿ. ಇದಕ್ಕೆಲ್ಲ ಬೇಕಾದ್ದು ಸೀರಿಯಲ್ ನಂಬರ್ ಬರೆದ ಬಿಲ್ಲು. ‘ಬಿಲ್ ಬೇಡ ಅಂದ್ರೆ ನೂರು ರೂಪಾಯಿ ಕಮ್ಮಿ’ ಎಂಬ ಔದಾರ್ಯದ ಹಿಂದಿನ ಲೆಕ್ಕ ಈಗ ಓದುಗರಿಗೆ ತಿಳಿದಿರಬೇಕು.

ಆರನೆಯ ವಾದ: “ಇಷ್ಟೆಲ್ಲ ಯಾಕೆ? ಸುಮ್ಮನೆ ದೊಡ್ಡ ಬ್ರಾಂಡಿನದೇ ತಗೊಳ್ಳಿ.”

ಇದು ಹಿತವಚನದ ವೇಷದಲ್ಲಿ ಬರುತ್ತದೆ. ದಿನವಿಡೀ ಓಡುವ ಮಿಷನ್ನಿಗೆ ಇದು ಸರಿಯಾದ ಸಲಹೆ: ಗ್ರಿಲ್ ಮಾಡುವವನು ಗ್ರೈಂಡರಿಗೂ, ಬಡಗಿ ಪ್ಲೇನರಿಗೂ ಹೆಚ್ಚು ಹಣ ಹಾಕಬೇಕು. ಎಲ್ಲ ಮಿಷನ್ನಿಗೂ ಇದೇ ಸಲಹೆ ಎಂದರೆ ಲೆಕ್ಕ ಕೂಡಿಬರುವುದಿಲ್ಲ. ತಂಬಾಕು ಬೇಯಿಸುವ ಕಾಲಕ್ಕೆ ಮುಂಚೆ ಬ್ಯಾರನ್ ಕೊಳವೆ ಸರಿಮಾಡಲು ಮಾತ್ರ ಬೇಕಾಗುವ ಮಿಷನ್ ಉಳಿದ ತಿಂಗಳುಗಳಲ್ಲಿ ಮೂಲೆಯಲ್ಲಿರುತ್ತದೆ. ಅದಕ್ಕೆ ಅಗ್ಗದ್ದನ್ನು ಆರಿಸುವುದು ಜಾಣತನ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳ ಕುಶಲಕರ್ಮಿಗಳಿಗೆ ಉಪಕರಣಕ್ಕೆಂದು ಕೊಡುವುದು 15,000 ರೂಪಾಯಿವರೆಗೆ. ಬಡಗಿಯೊಬ್ಬ ಅದರಲ್ಲಿ ಐದು ಮಿಷನ್ ಕೊಳ್ಳಬೇಕೆಂದರೆ ತಲಾ 3,000. ಸರ್ಕಾರದ ಲೆಕ್ಕವೇ ಕಸುಬುದಾರನನ್ನು ಅಗ್ಗದ ಕಪಾಟಿನ ಮುಂದೆ ನಿಲ್ಲಿಸಿರುವಾಗ, ಆ ಕಪಾಟಿನಲ್ಲಿ ಇರುವುದು ಸುರಕ್ಷಿತವೇ ಎಂಬ ಪ್ರಶ್ನೆಯನ್ನು ‘ಬೇರೆ ಕಪಾಟಿಗೆ ಹೋಗಿ’ ಎಂದು ತಳ್ಳಿಹಾಕುವಂತಿಲ್ಲ. ಅದೂ ಅಲ್ಲದೆ, ದೊಡ್ಡ ಬ್ರಾಂಡಿನ ಹೆಸರು ಅಂಟಿಸಿಕೊಂಡ ನಕಲಿ ಮಾಲೂ ಇದೇ ಮಾರುಕಟ್ಟೆಯಲ್ಲಿದೆ.

ಏಳನೆಯ ವಾದ ಅಂಗಡಿಯದಲ್ಲ, ನಮ್ಮ ಶೆಡ್ಡುಗಳದೇ: “ಎಂಥಾ ಮಿಷನ್ನಾದ್ರೂ ಕೊಡಿ, ನಾವು ಸರಿ ಮಾಡ್ಕೋತೀವಿ.”

ಈ ಕೈಚಳಕಕ್ಕೆ ನನ್ನ ಗೌರವವಿದೆ, ಅದಕ್ಕೊಂದು ಗೆರೆಯೂ ಇದೆ. ತಿದ್ದಬಹುದಾದವು ಇವು: ಗೇರ್ ಬಾಕ್ಸ್ ತೆರೆದು ಸರಿಯಾದ ಗ್ರೀಸ್ ತುಂಬುವುದು, ಸದ್ದು ಮಾಡುವ ಬೇರಿಂಗ್ ಬದಲಿಸುವುದು, ತೆಳ್ಳಗಿನ ಕೇಬಲ್ ಕಿತ್ತು ದಪ್ಪನೆಯದು ಹಾಕುವುದು, ಡ್ರಿಲ್ಲಿನ ಚಕ್ ಬದಲಿಸುವುದು, ಐದಾರು ಮಿಲಿಮೀಟರಿಗೆ ಸವೆದ ಕಾರ್ಬನ್ನನ್ನು ಜೋಡಿಯಾಗಿ ಬದಲಿಸುವುದು. ತಿದ್ದಬಾರದವೂ ಇವೆ: ಬಿರುಕು ಬಿಟ್ಟ ಮೈ, ಓಲಾಡುವ ಸ್ಪಿಂಡಲ್, ನಿಲ್ಲದ ಗಾರ್ಡ್, ಕಮ್ಯುಟೇಟರಿನ ಸುತ್ತ ಉಂಗುರದಂತೆ ಬೆಂಕಿ ಕಾರುವ ಆರ್ಮೇಚರ್. ಇವಕ್ಕೆ ಟೇಪು, ಅಂಟು ಮದ್ದಲ್ಲ. ವಾಪಸ್ ಕೊಡಬೇಕು, ಇಲ್ಲವೇ ಗುಜರಿಗೆ ಹಾಕಬೇಕು.

ರೀವೈಂಡಿಂಗ್ ಬಗ್ಗೆ ಬೇರೆಯಾಗಿ ಹೇಳಬೇಕು. ಚೌಕದೊಳಗೆ ಚೌಕದ ಗುರುತಿರುವ ಮಿಷನ್ ಡಬಲ್ ಇನ್ಸುಲೇಷನ್ನಿನದು, ಅದಕ್ಕೆ ಅರ್ತ್ ವೈರ್ ಇರುವುದಿಲ್ಲ. ಇಂಥವುಗಳ ಆರ್ಮೇಚರಿನಲ್ಲಿ ಶಾಫ್ಟಿಗೂ ಸುತ್ತಲಿನ ಕಬ್ಬಿಣಕ್ಕೂ ನಡುವೆ ಒಂದು ಇನ್ಸುಲೇಷನ್ ಪದರ ಇರುತ್ತದೆ, ಜೀವ ಕಾಯುವುದು ಅದೇ. ಸುಟ್ಟ ಆರ್ಮೇಚರನ್ನು ಮತ್ತೆ ಸುತ್ತುವಾಗ ಆ ಪದರ ಹಾಳಾಗಿದ್ದರೂ ಮಿಷನ್ ಚೆನ್ನಾಗಿಯೇ ಓಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಿದ ಮೇಲೆ 500 ವೋಲ್ಟಿನ ಮೆಗ್ಗರ್ ಹಿಡಿದು ನೋಡದೆ ಆ ಮಿಷನ್ನನ್ನು ಕೈಗೆ ತೆಗೆದುಕೊಳ್ಳಬಾರದು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕಾನೂನಿನ ಒಂದು ಮಾತೂ ನೆನಪಿರಲಿ: ಪೆಟ್ಟಾದ ಹೊತ್ತಿಗೆ ಮಿಷನ್ನನ್ನು ಮಾರ್ಪಡಿಸಿದ್ದರೆ, ತಪ್ಪಾಗಿ ಬಳಸಿದ್ದರೆ ಮಾರಿದವನ ಮೇಲೆ ಹೊಣೆಗಾರಿಕೆ ಹೊರಿಸಲಾಗದು ಎನ್ನುತ್ತದೆ 87ನೇ ಕಲಮು. ಗಾರ್ಡ್ ಕಿತ್ತ ದಿನ ನಾವು ಕಿತ್ತೆಸೆಯುವುದು ನಮ್ಮ ದೂರನ್ನೂ ಹೌದು. ದೋಷದ ಗಾರ್ಡನ್ನು ಬಿಚ್ಚಿ ಮೂಲೆಗೆಸೆಯುವ ಬದಲು ಮಿಷನ್ನಿನ ಸಮೇತ ಅಂಗಡಿಗೆ ಒಯ್ಯಿರಿ.

ಕೊನೆಗೆ ಎಲ್ಲರೂ ಹೇಳುವ ಒಂದು ಹೆದರಿಕೆ ಉಳಿಯಿತು: ಇಷ್ಟು ಕಟ್ಟುನಿಟ್ಟಾದರೆ ಅಗ್ಗದ ಮಿಷನ್ನೇ ಬರುವುದಿಲ್ಲವಂತೆ. ನಾನು ಕೇಳುತ್ತಿರುವುದು ಏನು? ಗೇರ್ ಬಾಕ್ಸಿಗೆ ಒಂದಿಷ್ಟು ಗ್ರೀಸು, ಬಿಗಿದರೆ ನಿಲ್ಲುವ ಕ್ಲ್ಯಾಂಪು, ಡಬ್ಬದಲ್ಲಿ ಇನ್ನೊಂದು ಜೋಡಿ ಕಾರ್ಬನ್, ನಿಜವಾದ ವ್ಯಾಟ್, ಕನ್ನಡದಲ್ಲಿ ನಾಲ್ಕು ಸಾಲು ಎಚ್ಚರಿಕೆ. ತಯಾರಕ ಅಥವಾ ಆಮದುದಾರನ ಹೆಸರು, ವಿಳಾಸ ಡಬ್ಬದ ಮೇಲಿರಬೇಕೆಂದು 2011ರ ಪ್ಯಾಕೇಜ್ ಸರಕುಗಳ ನಿಯಮ ಆಗಲೇ ಹೇಳಿದೆ. ಆ್ಯಂಗಲ್ ಗ್ರೈಂಡರ್ 1954ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಂತ್ರ. 70 ವರ್ಷ ದಾಟಿದ ಮೇಲೆ ಅದಕ್ಕೊಂದು ನೆಟ್ಟಗಿನ ಗಾರ್ಡ್ ಕೂರಿಸುವುದು ಯಾರ ಗುಟ್ಟಿನ ವಿದ್ಯೆಯೂ ಅಲ್ಲ. ಸುಳ್ಳು ಸ್ಟಿಕ್ಕರಿನಿಂದ ಮೊದಲು ಏಟು ತಿನ್ನುವವನು ಅಗ್ಗದಲ್ಲೇ ಪ್ರಾಮಾಣಿಕ ಮಿಷನ್ ಮಾಡುವ ತಯಾರಕ. ಅವನು ನಿಜವಾಗಿ 600 ಎಂದು ಬರೆದರೆ, 450ರ ಮಿಷನ್ನಿಗೆ 850 ಎಂದು ಬರೆದವನ ಮುಂದೆ ಸೋಲುತ್ತಾನೆ. ಅಗ್ಗದ ಮಿಷನ್ ಉಳಿಯಬೇಕೆಂಬುದೇ ನನ್ನ ವಾದ.

ಈಗ ಅಂಗಡಿಯ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿ. ಮಿಷನ್ ಕೀಳು, ಯಾಕೆಂದರೆ ಕಾಸು ಕಡಿಮೆ. ಮಿಷನ್ ಚೆನ್ನಾಗಿದೆ, ಕರೆಂಟ್ ಸರಿಯಿಲ್ಲ. ಮಿಷನ್ ಚೆನ್ನಾಗಿದೆ, ಬಳಸುವವನು ಸರಿಯಿಲ್ಲ. ಒಂದೇ ಮಿಷನ್ನಿನ ಬಗ್ಗೆ, ಒಂದೇ ಟೇಬಲ್ಲಿನ ಮುಂದೆ ಇವೆಲ್ಲವನ್ನೂ ಹೇಳುವವರು ಮಿಷನ್ನನ್ನು ಪರೀಕ್ಷಿಸಿ ಹೇಳುತ್ತಿಲ್ಲ. ಪರೀಕ್ಷಿಸಿದ್ದರೆ ಒಂದೇ ಉತ್ತರ ಬರುತ್ತಿತ್ತು. ಆದ್ದರಿಂದ ಕೊಳ್ಳುವವರು ದುಡ್ಡು ಕೊಡುವ ಮೊದಲೇ ಪರೀಕ್ಷೆ ಕೇಳಲಿ: ಅಂಗಡಿಯಲ್ಲೇ ಐದು ನಿಮಿಷ ಓಡಿಸಿ, ಗಾರ್ಡ್ ಬಿಗಿದು ತಿರುಚಿ, ಕೇಬಲ್ ಎಳೆದು, ಪ್ಲಗ್ ತೆಗೆದ ಮೇಲೆ ಡಿಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಸೀರಿಯಲ್ ನಂಬರ್ ಸಮೇತ ಬಿಲ್ಲು ಬರೆಸಿಕೊಳ್ಳಲಿ. ತಾನು ಮಾರುವ ಮಿಷನ್ನಿನ ಮೇಲೆ ನಂಬಿಕೆಯಿರುವ ಅಂಗಡಿಯವನು ಇದಕ್ಕೆ ಬೇಡವೆನ್ನಲು ಕಾರಣವಿಲ್ಲ. ಬೇಡವೆಂದರೆ ಆ ಮಿಷನ್ ಅವನ ಕಪಾಟಿನಲ್ಲೇ ಉಳಿಯಲಿ.